ಹತ್ತೊಂಬತ್ತು ಸಲ ಹೊಸಬ

ಹೋದ ಚಳಿಗಾಲದ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದೂ ಕಾಲಿಗೆ, ನಮ್ಮ ಕಲ್ಲು ಕ್ವಾರಿಯ ಆಫೀಸಿನಲ್ಲಿದ್ದ ಇಂಕ್ ಪ್ಯಾಡ್ ಒಣಗಿಹೋಯಿತು. ಪರಿಣಾಮವಾಗಿ ಹನ್ನೊಂದು ಮಂದಿ ಕೆಲಸಗಾರರು ಶನಿವಾರ ಮಧ್ಯಾಹ್ನದವರೆಗೆ ಸುರಕ್ಷತೆಯ ತಿಳಿವಳಿಕೆ ಇಲ್ಲದೆ ಉಳಿಯಬೇಕಾಯಿತು. ಅವರು ಪಾಠ ಕೇಳಿದ್ದರು, ತಲೆಯಾಡಿಸಿದ್ದರು, ಟೀ ಕೂಡ ಕುಡಿದಿದ್ದರು. ಆದರೆ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಬೀಳುವ ತನಕ ತರಬೇತಿ ಆದಂತಲ್ಲ. ಶನಿವಾರ ಯಾರೋ ಚಿಕ್ಕಬಳ್ಳಾಪುರಕ್ಕೆ ಹೋದವರು ಹೊಸ ಪ್ಯಾಡ್ ತಂದರು. ಎರಡು ಗಂಟೆಯಿಂದ ಎರಡೂ ಹತ್ತರೊಳಗೆ ಹನ್ನೊಂದು ಮಂದಿಗೂ ತಿಳಿವಳಿಕೆ ಬಂತು.

ಇಂಥವು ನಮ್ಮಲ್ಲಿ ನಡೆಯುತ್ತಲೇ ಇರುತ್ತವೆ. ನಾನು ಬರೆದುಕೊಳ್ಳುತ್ತೇನೆ, ಅಷ್ಟೆ. ಬರೆಯುವುದೇ ನನ್ನ ಕೆಲಸ. ಗಣಿ ಅಂದಮೇಲೆ ಕಾನೂನಿದೆ. ಹೊಸದಾಗಿ ಸೇರಿದವನಿಗೆ ತರಬೇತಿ ಕೊಡಬೇಕು, ಹಳಬನಿಗೆ ಕೆಲವು ವರ್ಷಕ್ಕೊಮ್ಮೆ ಮರುತರಬೇತಿ ಕೊಡಬೇಕು, ಎರಡಕ್ಕೂ ಬೇರೆ ಬೇರೆ ರಿಜಿಸ್ಟರ್ ಇಡಬೇಕು. ಆ ರಿಜಿಸ್ಟರುಗಳನ್ನು ಬರೆಯುವವನಿಗೆ ಕ್ವಾರಿಯಲ್ಲಿ ರೈಟರ್ ಅನ್ನುತ್ತಾರೆ. ಅಕ್ಷರ ಚೆನ್ನಾಗಿದೆ ಅಂತ ನನಗೆ ಕೆಲಸ ಕೊಟ್ಟರು. ಅಕ್ಷರ ಈಗಲೂ ಚೆನ್ನಾಗಿದೆ.

ಕ್ವಾರಿ ಇರುವುದು ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಕ್ಕೆ. ಕಾಗದಗಳಲ್ಲಿ ಅದಕ್ಕೆ ಗುಡ್ಡ ಎಂದೇ ಹೆಸರು. ಈಗ ಅದು ಹಳ್ಳ. ತಿದ್ದಲು ಯಾರಿಗೂ ಪುರುಸೊತ್ತಾಗಿಲ್ಲ.

ಆ ಶನಿವಾರ ಹೆಬ್ಬೆಟ್ಟು ಒತ್ತಿದ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬೆರಳು ಒರೆಸಿಕೊಂಡು ಹೋದರು. ಒಬ್ಬ ನಿಂತೇ ಇದ್ದ. ಅವನು ಜಾಕ್‌ಹ್ಯಾಮರ್ ಹಿಡಿದು ಬಂಡೆಗೆ ತೂತು ಕೊರೆಯುವ ಡ್ರಿಲ್ಲರ್. ನಾವೆಲ್ಲ ಅವನನ್ನು ದೊಡ್ಡಪ್ಪ ಅನ್ನುತ್ತೇವೆ. ಅವನೂ ನಾನೂ ಕ್ವಾರಿಗೆ ಸೇರಿದ್ದು ಒಂದೇ ವಾರ. ಅವನು ಕಲ್ಲಿಗೆ, ನಾನು ಕಾಗದಕ್ಕೆ.

"ರೈಟ್ರೇ, ನಂಗೊಂದು ಕಾಗದ ಬೇಕಾಗಿತ್ತು" ಅಂದ.

ವಿಷಯ ಇಷ್ಟು. ಅವನಿಗೆ ಮೂರು ನಾಲ್ಕು ವರ್ಷದಿಂದ ಕೆಮ್ಮು. ಜಿಲ್ಲಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದ ಡಾಕ್ಟರು ಎದೆಯ ತುಂಬ ಕಲ್ಲಿನ ಧೂಳು ಕೂತಂತಿದೆ ಅಂದಿದ್ದರು. ಅದಕ್ಕೆ ಔಷಧಿಗಿಂತ ಹೆಚ್ಚಾಗಿ ಅರ್ಜಿ ಇದೆ, ಪರಿಹಾರ ಸಿಗುತ್ತದೆ, ಹಾಕು ಅಂದಿದ್ದರು. ಮಗಳು ಹಾಕಿಸಿದಳು. ಪರಿಹಾರದ ಕಚೇರಿಯವರು ಒಂದೇ ಒಂದು ಕಾಗದ ಕೇಳಿದರು. ಈ ಮನುಷ್ಯ ಎಷ್ಟು ವರ್ಷ ಆ ಧೂಳಿನಲ್ಲಿ ಇದ್ದ ಎಂಬುದಕ್ಕೆ ದಾಖಲೆ. ದಾಖಲೆ ಇದ್ದರೆ ಅದು ಕಾಯಿಲೆ. ಇಲ್ಲದಿದ್ದರೆ ಕೆಮ್ಮು.

"ಹತ್ತೊಂಬತ್ತು ವರ್ಷ ಅಂತ ಬರೆದುಕೊಟ್ರೆ ಸಾಕು. ನಿಮ್ ಅಕ್ಷರ ಚೆನ್ನಾಗೈತಲ್ಲ" ಅಂದ.

ನಾನು ಮ್ಯಾನೇಜರನ್ನು ಕೇಳಿದೆ. ಬಾಯಿಮಾತಿನ ಮೇಲೆ ಬರೆದುಕೊಡಲು ಬರುವುದಿಲ್ಲ, ರಿಜಿಸ್ಟರಿನಲ್ಲಿದ್ದರೆ ಹುಡುಕಿ ಕೊಡಿ ಅಂದರು. ಹತ್ತೊಂಬತ್ತು ವರ್ಷದ ರಿಜಿಸ್ಟರನ್ನೂ ನಾನೇ ಬರೆದಿದ್ದೆ. ಅರ್ಧ ಗಂಟೆಯ ಕೆಲಸ ಅಂದುಕೊಂಡೆ.

ಹುಣಸೆಬೀಜ

ಮೊದಲು ನೋಡಿದ್ದು ಹೆಬ್ಬೆಟ್ಟುಗಳನ್ನು. ಹೆಸರು ಯಾರು ಬೇಕಾದರೂ ಬರೆಯಬಹುದು, ಹೆಬ್ಬೆಟ್ಟು ದೇವರು ಕೊಟ್ಟ ಸಹಿ ಅಂತ ನಮ್ಮ ನಂಬಿಕೆ.

ದೇವರು ಕೊಟ್ಟಿದ್ದು ನಿಜ. ಆದರೆ ಜಾಕ್‌ಹ್ಯಾಮರ್ ಅದನ್ನು ವಾಪಸ್ ತೆಗೆದುಕೊಂಡಿತ್ತು. ಕಲ್ಲಿನ ಕೆಲಸದಲ್ಲಿ ಬೆರಳಿನ ಗೆರೆ ನಿಲ್ಲುವುದಿಲ್ಲ. ನಮ್ಮ ಡ್ರಿಲ್ಲರುಗಳು ಹೆಬ್ಬೆಟ್ಟು ಒತ್ತಿದರೆ ಪುಟದ ಮೇಲೆ ಹುಣಸೆಬೀಜ ಅಂಟಿಸಿದಂತೆ ಕಾಣುತ್ತದೆ. ಕಪ್ಪು, ನುಣ್ಣಗೆ, ಒಳಗೆ ಏನೂ ಇಲ್ಲ. ಹಿಂದೊಮ್ಮೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಇದನ್ನು ನೋಡಿ, ಎಲ್ಲರ ಹೆಬ್ಬೆಟ್ಟನ್ನೂ ಒಬ್ಬನೇ ಕೂತು ಒತ್ತಿದ್ದಾನೆ ಅಂತ ಸಿಟ್ಟಾಗಿದ್ದರು. ಮ್ಯಾನೇಜರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದಲೂ ಬಿಳಿಹಾಳೆಯ ಮೇಲೆ ಒತ್ತಿಸಿದರು. ಹುಣಸೆಬೀಜ, ಹುಣಸೆಬೀಜ, ಹುಣಸೆಬೀಜ. ಇನ್‌ಸ್ಪೆಕ್ಟರು ಬಹಳ ಹೊತ್ತು ನೋಡಿ, ತಪಾಸಣಾ ಪುಸ್ತಕದಲ್ಲಿ "ಹೆಬ್ಬೆಟ್ಟುಗಳು ಒಂದೇ ತೆರನಾಗಿವೆ, ಆದ್ದರಿಂದ ನೈಜ" ಎಂದು ಬರೆದು ಹೋದರು.

ಹಾಗಾಗಿ ರಿಜಿಸ್ಟರಿನಲ್ಲಿದ್ದ ಬೀಜಗಳಲ್ಲಿ ದೊಡ್ಡಪ್ಪನದು ಯಾವುದು ಅಂತ ಹೇಳುವುದು ಹುಣಸೆಮರಕ್ಕೂ ಸಾಧ್ಯವಿರಲಿಲ್ಲ.

ಅವನ ಮಗಳಿಗೆ ಇದರಿಂದ ಆಶ್ಚರ್ಯವೇನೂ ಆಗಲಿಲ್ಲ. ಅವಳು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಬಿಸಿನೀರಿನಲ್ಲಿ ಗೂಡು ತಡಕಿ ಅವಳ ಬೆರಳುಗಳೂ ಬೆಂದು ಸವೆದಿವೆ. ಅಪ್ಪ ಮಗಳು ಒಂದೇ ಮನೆಯಲ್ಲಿದ್ದಾರೆ. ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಅಪ್ಪ ಬೆರಳಿಟ್ಟರೂ ಹೊಂದುವುದಿಲ್ಲ, ಮಗಳು ಇಟ್ಟರೂ ಹೊಂದುವುದಿಲ್ಲ. "ಮತ್ತೆ ಅಕ್ಕಿ ಹೆಂಗಮ್ಮ ತರ್ತೀರ?" ಅಂದೆ.

"ನಮ್ಮನೆಯೋರು ಹೋಗ್ತಾರಣ್ಣ. ಅವರ ಬೆರಳು ಇಟ್ಟ ತಕ್ಷಣ ತಗೊಳ್ತದೆ."

ಅವಳ ಗಂಡ ಏನು ಕೆಲಸ ಮಾಡುತ್ತಾನೆ ಅಂತ ಕೇಳಿದೆ. ಏನೂ ಮಾಡಲ್ಲ ಅಂದಳು. ಆ ಮನೆಯಲ್ಲಿ ಸರ್ಕಾರಕ್ಕೆ ಗುರುತು ಸಿಗುವವನು ಅವನೊಬ್ಬನೇ.

ಆರು ಹೆಲ್ಮೆಟ್

ಹೆಬ್ಬೆಟ್ಟು ಹೋದರೆ ಹೋಯಿತು, ಫೋಟೋ ಇದೆಯಲ್ಲ ಅಂದುಕೊಂಡೆ. ಪ್ರತಿ ತರಬೇತಿಯ ಫೋಟೋವನ್ನು ರಿಜಿಸ್ಟರಿಗೆ ಅಂಟಿಸಬೇಕೆಂದು ಆದೇಶವಾಗಿ ಬಹಳ ವರ್ಷವಾಯಿತು.

ನಮ್ಮ ಕ್ವಾರಿಯಲ್ಲಿ ಆರು ಹೆಲ್ಮೆಟ್‌ಗಳಿವೆ. ಹಳದಿ ಬಣ್ಣದವು. ತಪಾಸಣೆಯ ವೇಳೆ ಹೊಸದರಂತೆ ಕಾಣಬೇಕೆಂದು ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ಕಲ್ಲು ಬಿದ್ದರೆ ಹೆಲ್ಮೆಟ್ ಹಾಳಾಗುತ್ತದೆ ಎನ್ನುವುದು ಮ್ಯಾನೇಜರ ಕಾಳಜಿ. ತರಬೇತಿಯ ದಿನ ಆರಾರು ಮಂದಿಯನ್ನು ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಮೊದಲ ಆರು ಮಂದಿ ತೆಗೆದುಕೊಟ್ಟದ್ದನ್ನು ಮುಂದಿನ ಆರು ಮಂದಿ ಬಿಸಿ ಆರುವ ಮೊದಲೇ ಹಾಕಿಕೊಳ್ಳುತ್ತಾರೆ. ಹಿಂದೆ ಬ್ಯಾನರ್, ಮುಂದೆ ಆರು ಹಳದಿ ತಲೆ. ಆಮೇಲೆ ಬೀಗ.

ದೊಡ್ಡಪ್ಪ ಎಲ್ಲ ಫೋಟೋಗಳಲ್ಲೂ ಇದ್ದಾನೆ. ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ನಿಲ್ಲಿಸಿದವನೇ ನಾನು. ಆದರೆ ಹೆಲ್ಮೆಟ್ ಅವನಿಗೆ ದೊಡ್ಡದು, ಹುಬ್ಬಿನವರೆಗೆ ಇಳಿದಿದೆ. ಅದರ ಕೆಳಗೆ ಕನ್ನಡಕ. ಕನ್ನಡಕದ ಕೆಳಗೆ ಮೂಗು ಬಾಯಿ ಮುಚ್ಚಿದ ಮಾಸ್ಕ್. ಮಾಸ್ಕನ್ನೂ ಅಷ್ಟೇ, ಫೋಟೋಗೆ ಹಾಕಿ ಫೋಟೋ ಆದಮೇಲೆ ತೆಗೆಯುತ್ತೇವೆ. ಫೋಟೋ ತೆಗೆದ ಜಾಗದಿಂದ ಹತ್ತು ಹೆಜ್ಜೆ ಆಚೆ ವರ್ಷವಿಡೀ ಅವನು ಮಾಸ್ಕಿಲ್ಲದೆ ಬಂಡೆ ಕೊರೆದ.

ಫೋಟೋಗಳನ್ನು ಕಚೇರಿಗೆ ಕಳಿಸಿದೆವು. ಹದಿನೈದು ದಿನದ ಮೇಲೆ ಉತ್ತರ ಬಂತು. ಸದರಿ ವ್ಯಕ್ತಿಗಳು ಸುರಕ್ಷತಾ ಸಾಧನಗಳನ್ನು ಸಂಪೂರ್ಣವಾಗಿ ಧರಿಸಿರುವ ಕಾರಣ ಗುರುತಿಸಲು ಸಾಧ್ಯವಾಗಿಲ್ಲ, ಎಂದಿತ್ತು. ಮ್ಯಾನೇಜರು ಆ ಪತ್ರದ ಮೊದಲರ್ಧವನ್ನು ಜೆರಾಕ್ಸ್ ಮಾಡಿಸಿ ಗೋಡೆಗೆ ಹಾಕಿದ್ದಾರೆ.

ಬೇವುಬೆಲ್ಲ

ಉಳಿದದ್ದು ಬರವಣಿಗೆ. ಅಂದರೆ ನನ್ನದೇ.

ಕ್ವಾರಿಯ ಕೆಲಸಗಾರರು ಮಾಲೀಕರ ಆಳುಗಳಲ್ಲ, ಗುತ್ತಿಗೆದಾರನ ಆಳುಗಳು. ಗುತ್ತಿಗೆ ಪ್ರತಿ ಯುಗಾದಿಗೆ ಹೊಸದಾಗುತ್ತದೆ. ಒಂದು ವರ್ಷ ಅದು ಗುತ್ತಿಗೆದಾರನ ಹೆಸರಿನಲ್ಲಿರುತ್ತದೆ, ಮರುವರ್ಷ ಹೆಂಡತಿಯದು, ಅದರ ಮರುವರ್ಷ ಭಾವಮೈದುನನದು. ಮತ್ತೆ ಹೆಂಡತಿಯದು, ಈ ಸಲ ತವರಿನ ಇನಿಷಿಯಲ್ ಜೊತೆ. ಗುತ್ತಿಗೆ ಬದಲಾದರೆ ಹಳೆಯ ಆಳುಗಳೆಲ್ಲ ಬಿಟ್ಟುಹೋದಂತೆ, ಅವರೇ ಹೊಸದಾಗಿ ಸೇರಿದಂತೆ. ಹಬ್ಬದ ಮುನ್ನಾದಿನ ಸಂಜೆ ಎಲ್ಲರೂ ಕಾಗದದ ಮೇಲೆ ಕೆಲಸ ಬಿಡುತ್ತಾರೆ. ಬೇವುಬೆಲ್ಲ ತಿಂದು ಬಂದು ಮತ್ತೆ ಸೇರುತ್ತಾರೆ. ಅದೇ ಜಾಕ್‌ಹ್ಯಾಮರ್, ಅದೇ ಬಂಡೆ, ಅರ್ಧ ಕೊರೆದ ಅದೇ ತೂತು. ಹಳಬರ ಮರುತರಬೇತಿ ರಿಜಿಸ್ಟರು ಇವತ್ತಿಗೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ. ನಮ್ಮಲ್ಲಿ ಹಳಬರೇ ಇಲ್ಲ.

ಎರಡನೆಯ ವರ್ಷ ನಾನು ಆಕ್ಷೇಪ ತೆಗೆದಿದ್ದೆ. "ಹಿಂದಿನ ಅನುಭವ" ಎಂಬ ಕಲಂನಲ್ಲಿ ಏನು ಬರೆಯಲಿ, ಇವನು ಹೋದ ವರ್ಷವೂ ಇಲ್ಲೇ ಇದ್ದನಲ್ಲ ಸಾರ್, ಅಂದೆ.

"ಇದ್ದ. ಆದ್ರೆ ಅನುಭವ ಇರ್ಲಿಲ್ಲ. ಬರೀರಿ" ಅಂದರು ಆಗಿನ ಮ್ಯಾನೇಜರು.

ಬರೆದೆ. ಅನುಭವ: ಇಲ್ಲ. ಆಮೇಲೆ ಯಾರೂ ಹೇಳಬೇಕಾಗಿ ಬರಲಿಲ್ಲ. ಕೈಗೆ ರೂಢಿಯಾಯಿತು. ಪ್ರತಿ ಯುಗಾದಿಗೂ ಹೊಸ ರಿಜಿಸ್ಟರಿನ ಮೊದಲ ಪುಟ, ಮೊದಲ ಸಾಲಿಗೆ ದೊಡ್ಡಪ್ಪನ ಹೆಸರೇ. ಅವನ ಕೈಗುಣ ಒಳ್ಳೆಯದು, ಅವನಿಂದ ಶುರುಮಾಡಿದ ವರ್ಷ ಕ್ವಾರಿಯಲ್ಲಿ ಸಾವು ಆಗಿಲ್ಲ ಅಂತ ಎಲ್ಲರ ನಂಬಿಕೆ. ಹತ್ತೊಂಬತ್ತು ರಿಜಿಸ್ಟರುಗಳಲ್ಲೂ ಅವನೇ ಮೊದಲಿಗ, ಹತ್ತೊಂಬತ್ತರಲ್ಲೂ ಹೊಸಬ.

ಮೊದಮೊದಲು ಅವನು ಬಗ್ಗಿ ನೋಡಿ ಈ ಸಲ ಏನು ಬರೆದಿರಿ ಅಂತ ಕೇಳುತ್ತಿದ್ದ. ಹೊಸಬ ಅಂತ ಅನ್ನುತ್ತಿದ್ದೆ. "ಒಳ್ಳೇದಾಯ್ತು ಬಿಡಿ, ವಯಸ್ಸಾಗಿದ್ದು ಗೊತ್ತಾಗಲ್ಲ" ಅನ್ನುತ್ತಿದ್ದ.

ತೃಪ್ತಿಕರ

ಇದು ಮೂರು ವರ್ಷದ ಹಿಂದಿನ ಮಾತು. ತರಬೇತಿ ಕೊಡಲು ಹೊರಗಿನಿಂದ ಒಬ್ಬ ಅಧ್ಯಾಪಕರು ಬರಬೇಕು. ಅವರು ಪ್ರತಿ ಸಲವೂ ಒಂದೇ ಪಾಠ ಹೇಳುತ್ತಾರೆ. ಅದು ಕಲ್ಲಿದ್ದಲು ಗಣಿಗೆ ಬರೆದ ಪಾಠ. ಸುರಂಗ, ವಿಷಾನಿಲ, ದೀಪ ಆರಿದರೆ ಏನು ಮಾಡಬೇಕು, ಎಲ್ಲ ಇದೆ. ನಮ್ಮದು ಮೇಲೆ ಆಕಾಶ ಬಿಟ್ಟರೆ ಬೇರೇನೂ ಇಲ್ಲದ ಗಣಿ. ಆದರೂ ಆಳುಗಳು ಕೇಳಿಸಿಕೊಳ್ಳುತ್ತಾರೆ.

ಒಂದು ದಿನ ಆ ಅಧ್ಯಾಪಕರು ಚಿಂತಾಮಣಿಯ ಕಡೆ ಬೇರೆ ಕ್ವಾರಿಗೆ ಹೋಗಿದ್ದರು. ನಮ್ಮಲ್ಲಿಗೂ ಬಂದಿದ್ದಾರೆಂದು ನಾನು ಆಗಲೇ ಬರೆದಾಗಿತ್ತು. ಅಷ್ಟರಲ್ಲಿ ಇನ್‌ಸ್ಪೆಕ್ಟರ ಜೀಪು ಬಂತು. ತರಬೇತಿ ನಡೆಯುತ್ತಿದೆ ಅಂತ ಇದೆಯಲ್ಲ, ನಡೀರಿ ನೋಡೋಣ ಅಂದರು. ಮ್ಯಾನೇಜರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಶೆಡ್ಡಿನಲ್ಲಿ ಊಟ ಮುಗಿಸಿ ಕೂತಿದ್ದ ಆಳುಗಳ ನಡುವಿನಿಂದ ದೊಡ್ಡಪ್ಪ ಎದ್ದು ನಿಂತ. ಕೈ ತೊಳೆದುಕೊಂಡು ಬಂದು ಪಾಠ ಶುರುಮಾಡಿದ.

ಒಂದು ಅಕ್ಷರ ಬಿಡಲಿಲ್ಲ. ಹದಿನಾರು ಸಲ ಕೇಳಿದ್ದನಲ್ಲ. ಸುರಂಗದಲ್ಲಿ ವಾಸನೆ ಬಂದರೆ ಓಡಬಾರದು, ಸಾಲಾಗಿ ಹೊರಗೆ ಬರಬೇಕು ಅಂದ. ಮೇಲುಗಡೆಯ ಬಂಡೆಯನ್ನು ತಟ್ಟಿ ನೋಡಬೇಕು, ಟೊಳ್ಳು ಸದ್ದು ಬಂದರೆ ಕೆಳಗೆ ನಿಲ್ಲಬಾರದು ಅಂದ. ಅಧ್ಯಾಪಕರು ನೀರು ಕುಡಿಯುವ ಜಾಗದಲ್ಲಿ ತಾನೂ ನಿಲ್ಲಿಸಿ ನೀರು ಕುಡಿದ. ಕೊನೆಗೆ ಧೂಳಿನ ಭಾಗ ಬಂತು. "ಧೂಳು ಕಣ್ಣಿಗೆ ಕಾಣಿಸೋದಲ್ಲ, ಕಾಣಿಸದೇ ಇರೋದು ಕೆಟ್ಟದ್ದು. ಒಳಗೆ ಹೋದ್ರೆ ವಾಪಸ್ ಬರೋದಿಲ್ಲ" ಅಂದು ಸ್ವಲ್ಪ ಕೆಮ್ಮಿದ. ಅದು ಪಾಠದಲ್ಲಿರಲಿಲ್ಲ. ಇನ್‌ಸ್ಪೆಕ್ಟರು ಅದನ್ನು ಅಭಿನಯ ಅಂದುಕೊಂಡರು.

ಅವರಿಗೆ ಬಹಳ ಸಂತೋಷವಾಯಿತು. ಇವರು ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿದರು.

"ಹೊಸಬ ಸಾರ್. ಈ ಯುಗಾದಿಗೆ ಸೇರಿದ್ದು" ಅಂದರು ಮ್ಯಾನೇಜರು. ರಿಜಿಸ್ಟರಿನಲ್ಲಿ ಹಾಗೇ ಇತ್ತು.

ದೊಡ್ಡಪ್ಪ ನನ್ನ ಕಡೆ ನೋಡಿದ. "ಪೋನೀಲೇ" ಅಂದ ಮೆಲ್ಲಗೆ. ಹೋಗಲಿ ಬಿಡು ಅನ್ನುವುದನ್ನು ನಮ್ಮ ಕಡೆ ತೆಲುಗಿನಲ್ಲಿ ಅಂದರೆ ಬೇಗ ಹೋಗುತ್ತದೆ.

ಇನ್‌ಸ್ಪೆಕ್ಟರು ತಪಾಸಣಾ ಪುಸ್ತಕದಲ್ಲಿ ದೊಡ್ಡಪ್ಪನ ಪೂರ್ತಿ ಹೆಸರು ಕೇಳಿ ಬರೆದರು. "ಮೇಲ್ಕಂಡ ವ್ಯಕ್ತಿ ಹೊಸಬನಾಗಿದ್ದರೂ ಜ್ಞಾನ ತೃಪ್ತಿಕರ." ಸರ್ಕಾರದವರೊಬ್ಬರು ಅವನ ಹೆಸರನ್ನು ಕೈಯಾರೆ ಬರೆದದ್ದು ಅದೊಂದೇ ಸಲ. ನಾನು ಕಾಗದ ಹುಡುಕುವಾಗ ಅದೂ ಸಿಕ್ಕಿತು. ತೆಗೆದ ಪುಸ್ತಕವನ್ನು ಮೊದಲಿದ್ದ ಜಾಗದಲ್ಲೇ ಇಟ್ಟೆ.

ಮೊದಲ ಸಾಲು

ಹೊಸಬನಾದರೇನು, ಹತ್ತೊಂಬತ್ತು ರಿಜಿಸ್ಟರುಗಳಲ್ಲಿ ಹತ್ತೊಂಬತ್ತು ಸಲ ಹೆಸರಿದ್ದರೆ ಹತ್ತೊಂಬತ್ತು ವರ್ಷ ಆಯಿತಲ್ಲ, ಕೂಡಿಸಿಕೊಳ್ಳಲಿ ಅಂದಳು ಮಗಳು. ಮಾತು ಸರಿಯಾಗಿತ್ತು. ಎಲ್ಲ ರಿಜಿಸ್ಟರುಗಳನ್ನೂ ಇಳಿಸಿ, ಧೂಳು ಕೊಡವಿ, ಮೊದಲ ಪುಟ ತೆರೆದೆ.

ಇಲ್ಲಿ ನಮ್ಮ ಆಯುಧಪೂಜೆಯ ವಿಷಯ ಹೇಳಬೇಕು. ಆ ದಿನ ಕಂಪ್ರೆಸರ್ ತೊಳೆದು ನಿಲ್ಲಿಸುತ್ತೇವೆ. ಜಾಕ್‌ಹ್ಯಾಮರುಗಳನ್ನು ಬಾಳೆಎಲೆಯ ಮೇಲೆ ಮಲಗಿಸುತ್ತೇವೆ. ನನ್ನ ಆಯುಧ ರಿಜಿಸ್ಟರು, ಆದ್ದರಿಂದ ಅದನ್ನೂ ತೆರೆದಿಡುತ್ತೇವೆ, ಮೊದಲ ಪುಟಕ್ಕೆ. ಪೂಜೆ ಮಾಡುವವನು ಕಂಪ್ರೆಸರ್ ಆಪರೇಟರ್. ಕೈ ಧಾರಾಳ. ಅವನು ಮೊದಲ ಸಾಲಿಗೆ ಅರಿಸಿನ ಹಚ್ಚುತ್ತಾನೆ, ಅದರ ಮೇಲೆ ಮೂರು ಬೆರಳು ತುಂಬ ಕುಂಕುಮ, ಅದರ ಮೇಲೆ ಕೊಯ್ದ ನಿಂಬೆಹಣ್ಣು ಇಡುತ್ತಾನೆ. ಸಂಜೆಯ ಹೊತ್ತಿಗೆ ನಿಂಬೆಯ ರಸ ಇಳಿದು ಕುಂಕುಮ ಕಾಗದಕ್ಕೆ ಹತ್ತುತ್ತದೆ. ಮೊದಲ ಸಾಲಿಗೇ ಯಾಕೆ ಅಂತ ಒಮ್ಮೆ ಕೇಳಿದ್ದೆ. ಅಲ್ಲಿ ದೊಡ್ಡಪ್ಪನ ಹೆಸರಿದೆಯಲ್ಲ, ಹಿರಿಯರಿಗೆ ಮರ್ಯಾದೆ ಅಂದಿದ್ದ.

ಹದಿನೆಂಟು ರಿಜಿಸ್ಟರುಗಳು. ಎರಡನೆಯ ಸಾಲಿನಿಂದ ಕೊನೆಯ ಸಾಲಿನವರೆಗೆ ಮುತ್ತು ಪೋಣಿಸಿದಂಥ ನನ್ನ ಅಕ್ಷರ. ಎರಡು ತಿಂಗಳು ಕೆಲಸ ಮಾಡಿ ಹೇಳದೆ ಹೋದವರ ಹೆಸರು ಕೂಡ ಕಣ್ಣಿಗೆ ಹೊಡೆಯುವಂತಿದೆ. ಮೊದಲ ಸಾಲು ಮಾತ್ರ ಕೆಂಪಗೆ, ಅಂಗೈ ಅಗಲ.

ಒಂದೇ ಒಂದು ವರ್ಷದ್ದು ಶುದ್ಧವಾಗಿತ್ತು. ನಾಲ್ಕು ವರ್ಷದ ಹಿಂದೆ ದಸರಾ ಹೊತ್ತಿಗೆ ಮಾಲೀಕರ ಮನೆಯಲ್ಲಿ ಸೂತಕ ಬಂದು ಪೂಜೆ ನಡೆದಿರಲಿಲ್ಲ. ಅದರಲ್ಲಿ ದೊಡ್ಡಪ್ಪನ ಹೆಸರು, ಊರು, ತಂದೆಯ ಹೆಸರು, ಎಲ್ಲ ಸ್ಪಷ್ಟವಾಗಿವೆ. ಅನುಭವ: ಇಲ್ಲ ಎಂಬುದೂ.

ದೊಡ್ಡಪ್ಪ ಕುಂಕುಮದ ಪುಟಗಳನ್ನು ಒಂದೊಂದಾಗಿ ನೋಡಿ ಕಣ್ಣಿಗೊತ್ತಿಕೊಂಡ. ಕಂಪ್ರೆಸರ್ ಆಪರೇಟರ್ ಬಹಳ ನೊಂದುಕೊಂಡ. ಆ ಬೇಸರದಲ್ಲೇ ಒಂದು ಮಾತು ಅಂದ. "ಆ ರಕ್ತದ ಪುಸ್ತಕ ಒಂದಕ್ಕೆ ನಾನು ಯಾವತ್ತೂ ಕುಂಕುಮ ಇಟ್ಟಿಲ್ಲಪ್ಪ. ಪೂಜೆ ದಿನ ಅದನ್ನ ಹೊರಗಿಡ್ತಿದ್ದೆ."

ರಕ್ತದ ಪುಸ್ತಕ

ನಮ್ಮಲ್ಲಿ ಅಪಘಾತಗಳ ರಿಜಿಸ್ಟರು ಬೇರೆ ಇದೆ. ಅದರಲ್ಲಿ ಪ್ರತಿ ತಿಂಗಳೂ "ಶೂನ್ಯ" ಎಂದು ಬರೆದಿದ್ದೇನೆ. ರಕ್ತದ ಪುಸ್ತಕ ಅದಲ್ಲ. ಟಿಂಚರ್ ಬಾಟಲಿ ಬೇಗ ಖಾಲಿಯಾಗುತ್ತದೆಂದು ಮೊದಲ ಮ್ಯಾನೇಜರಿಗೆ ಅನುಮಾನವಿತ್ತು. ಯಾರಿಗೆ, ಯಾವತ್ತು, ಎಲ್ಲಿ ಹಚ್ಚಿದೆ ಅಂತ ಬರೆದಿಡು ಅಂದಿದ್ದರು. ಒಂದು ದಪ್ಪ ನೋಟುಪುಸ್ತಕದಲ್ಲಿ ಬರೆಯತೊಡಗಿದೆ. ಆ ಮ್ಯಾನೇಜರು ಹೋದರು, ನಾನು ನಿಲ್ಲಿಸಲಿಲ್ಲ. ಅದನ್ನು ಯಾವ ಕಾನೂನೂ ಕೇಳುವುದಿಲ್ಲ, ಆದ್ದರಿಂದ ಅದರಲ್ಲಿ ಹೀಗೆ ಬರೆ ಅಂತ ಯಾರೂ ಹೇಳಲಿಲ್ಲ. ಸಂಸ್ಥೆಯಲ್ಲಿ ನಿಜ ಇದ್ದದ್ದು ಅದೊಂದರಲ್ಲೇ.

ತೆಗೆದು ನೋಡಿದೆ. ಪುಟಪುಟದಲ್ಲೂ ದೊಡ್ಡಪ್ಪ.

ಮ್ಯಾನೇಜರಿಗೆ ಹೇಳಿದೆ. ಅವರು ಬಾಗಿಲು ಹಾಕಿ ಬಂದು ಕೂತರು. "ಏನ್ರೀ ರೈಟರ್. ಅಲ್ಲಿ ಶೂನ್ಯ, ಇಲ್ಲಿ ಇಷ್ಟು ದಪ್ಪ ಪುಸ್ತಕ. ಇದು ಹೊರಗೆ ಹೋದ್ರೆ ನಾವಿಬ್ರೂ ಹೊರಗೆ ಹೋಗ್ತೀವಿ" ಅಂದರು. ನಾನು ಆಯ್ತು ಸಾರ್ ಅಂದೆ. ಹತ್ತೊಂಬತ್ತು ವರ್ಷದಿಂದ ಅಂದು ಅಭ್ಯಾಸ.

ಪರಿಹಾರದ ಅರ್ಜಿಯ ವಿಚಾರಣೆಯ ದಿನ ಬೆಳಿಗ್ಗೆ ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ, ಊಟದ ಡಬ್ಬಿಯ ಬ್ಯಾಗಿನಲ್ಲಿಟ್ಟುಕೊಂಡು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ಧೈರ್ಯ ಅಂತ ಯಾರೂ ತಿಳಿಯಬಾರದು. ಹತ್ತೊಂಬತ್ತು ಸಲ "ಇಲ್ಲ" ಅಂತ ಬರೆದ ಕೈ ನನ್ನದು, ಅದು ಒಂದೇ ಸಮನೆ ತುರಿಸುತ್ತಿತ್ತು.

ಕಚೇರಿಯಲ್ಲಿ ಅಧಿಕಾರಿಗಳು ಶುದ್ಧವಾಗಿದ್ದ ಆ ಒಂದು ರಿಜಿಸ್ಟರು ಓದಿದರು. ನಾಲ್ಕು ವರ್ಷದ ಹಿಂದೆ ಸೇರಿದವರು, ಆಗ ಅನುಭವ ಇರಲಿಲ್ಲ, ಇಷ್ಟರಲ್ಲೇ ಈ ಪ್ರಮಾಣದ ಧೂಳು ಕೂರುವುದಿಲ್ಲ, ಬೇರೆ ಎಲ್ಲಾದರೂ ಕೂತಿರಬೇಕು ಅಂದರು. ಇದು ಯಾರ ಕೈಬರಹ ಅಂತ ಕೇಳಿದರು. ನನ್ನದು ಅಂದೆ.

"ಇವರು ಹತ್ತೊಂಬತ್ತು ವರ್ಷದಿಂದ ಇದ್ದಾರೆ ಅಂತೀರಿ. ಹೊಸಬ ಅಂತ ಬರೆದಿದ್ದೀರಿ. ಆಗ ಸುಳ್ಳು ಹೇಳಿದ್ರೋ, ಈಗ ಹೇಳ್ತಿದ್ದೀರೋ?"

"ಆಗ, ಸಾರ್" ಅಂದೆ. ಆ ಕಚೇರಿಯಲ್ಲಿ ಅಂಥ ಉತ್ತರಕ್ಕೆ ಕಲಂ ಇರಲಿಲ್ಲವೆಂದು ಕಾಣುತ್ತದೆ, ಅವರು ಅದನ್ನು ಬರೆದುಕೊಳ್ಳಲಿಲ್ಲ. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, ನೀವು ಅಷ್ಟು ವರ್ಷ ಅಲ್ಲಿ ಕೆಲಸ ಮಾಡಿದ್ದಕ್ಕೆ ಬೇರೆ ಏನಾದರೂ ಗುರುತಿದೆಯೇ ಅಂತ ಕೇಳಿದರು.

ದೊಡ್ಡಪ್ಪ ಯೋಚನೆ ಮಾಡಿದ. "ಅಲ್ಲೊಂದು ಗುಡ್ಡ ಇತ್ತು ಸಾರ್" ಅಂದ. "ಈಗಿಲ್ಲ."

ಅಧಿಕಾರಿಗಳು ಕಡತ ತಿರುವಿ ನೋಡಿದರು. "ಕಾಗದದಲ್ಲಿ ಗುಡ್ಡ ಇದೆಯಲ್ಲ" ಅಂದರು.

ಆಗ ನಾನು ಡಬ್ಬಿಯ ಬ್ಯಾಗು ಬಿಚ್ಚಿದೆ. ಅವರು ರಕ್ತದ ಪುಸ್ತಕವನ್ನು ಮೊದಲ ಪುಟದಿಂದ, ಗಟ್ಟಿಯಾಗಿ, ಹಾಜರಿ ಕರೆದಂತೆ ಓದತೊಡಗಿದರು. ಹತ್ತೊಂಬತ್ತು ವರ್ಷದ ಹಿಂದಿನ ತಾರೀಕು, ದೊಡ್ಡಪ್ಪನ ಹೆಸರು, ಬಲಗೈ ಹೆಬ್ಬೆರಳು. ಮರುವರ್ಷ, ಬಲಗೈ ಹೆಬ್ಬೆರಳು. ಮರುವರ್ಷ, ಎಡಗೈ. ಹಣೆ. ಬಲಗೈ ಹೆಬ್ಬೆರಳು. ಮೊಣಕಾಲು. ಹಣೆ. ಪಕ್ಕದ ಮೇಜಿನವರು ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಮಗಳು ನೆಲ ನೋಡುತ್ತಿದ್ದಳು. ದೊಡ್ಡಪ್ಪ ಒಂದೊಂದು ಅಂಗ ಬಂದಾಗಲೂ ಅದನ್ನು ಮುಟ್ಟಿ ನೋಡಿಕೊಂಡು ತಲೆಯಾಡಿಸುತ್ತಿದ್ದ.

ಒಂದು ಪುಟದಲ್ಲಿ ಅಧಿಕಾರಿಗಳು ನಿಂತರು. ಎಡಪಾದ, ಬಲಪಾದ, ಮತ್ತೆ ಎಡಪಾದ, ಒಂದೇ ತಿಂಗಳಿನಲ್ಲಿ ಆರು ಸಲ. ಅದುವರೆಗೆ ಕಾಲಿಗೆ ಏನೂ ಆಗಿರಲಿಲ್ಲ. ಆ ತಿಂಗಳು ಕ್ವಾರಿಯಲ್ಲಿ ಏನು ದುರಂತ ನಡೆಯಿತು ಅಂತ ಗಂಭೀರವಾಗಿ ಕೇಳಿದರು.

"ಆವಾಗ ಸೇಫ್ಟಿ ಬೂಟು ಕೊಟ್ಟಿದ್ರು ಸಾರ್" ಅಂದ ದೊಡ್ಡಪ್ಪ. "ಕಚ್ತು."

ಪುಸ್ತಕವನ್ನು ದಾಖಲೆಯಾಗಿ ಸ್ವೀಕರಿಸಲಾಯಿತು. ಹತ್ತೊಂಬತ್ತು ವರ್ಷದ ಸೇವೆ ಸಾಬೀತಾಯಿತು. ಇಷ್ಟೊಂದು ಗಾಯಗಳಿಗೆ ತರಬೇತಿಯ ಕೊರತೆಯೇ ಕಾರಣವೆಂದು ತೀರ್ಮಾನವಾಗಿ, ಕ್ವಾರಿಯ ಎಲ್ಲರಿಗೂ ಮೊದಲಿನಿಂದ ತರಬೇತಿ ಕೊಡಬೇಕೆಂದು ಆದೇಶ ಬಂತು. ಮ್ಯಾನೇಜರು ನನ್ನ ಜೊತೆ ಮಾತು ಬಿಟ್ಟರು. ಕೆಲಸ ಬಿಡಿಸಲಿಲ್ಲ, ಆದೇಶದ ಪ್ರಕಾರ ಬರೆಯಲು ಯಾರಾದರೂ ಬೇಕಿತ್ತು. ದೊಡ್ಡಪ್ಪನ ಹೆಸರು ಆಗಿನ್ನೂ ಪಟ್ಟಿಯಲ್ಲಿದ್ದ ಕಾರಣ ಅವನೂ ಬಂದು ಮುಂದಿನ ಸಾಲಿನಲ್ಲಿ ಕೂತ, ಸುರಂಗದ ಪಾಠ ಇನ್ನೊಮ್ಮೆ ಕೇಳಿದ, ಹೆಬ್ಬೆಟ್ಟು ಒತ್ತಿದ. ಪ್ಯಾಡ್ ಹಸಿಯಾಗಿತ್ತು.

ಆಮೇಲೆ ವೈದ್ಯಕೀಯ ಮಂಡಳಿಯ ಪತ್ರ ಬಂತು. ಅದು ಕೆಮ್ಮಲ್ಲ, ಕಾಯಿಲೆಯೇ, ಇನ್ನು ಮುಂದೆ ಇವರನ್ನು ಕಲ್ಲಿನ ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದಿತ್ತು. ಪರಿಹಾರ ಮಂಜೂರಾಯಿತು. ಹಣ ಪಡೆಯುವಾಗ ದೊಡ್ಡಪ್ಪನ ಹೆಬ್ಬೆಟ್ಟು ಯಂತ್ರಕ್ಕೆ ಹೊಂದದೆ, ಇವನೇ ಅವನೆಂದು ಅಳಿಯ ಗುರುತಿಸಿ ಬೆರಳಿಟ್ಟ.

ಕೆಲಸ ಬಿಟ್ಟ ಕಾರಣವನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಅಲ್ಲಿ ರಾಜೀನಾಮೆ, ವರ್ಗಾವಣೆ, ಮರಣ, ಇತರೆ ಎಂದು ನಾಲ್ಕು ಕಾರಣಗಳು ಅಚ್ಚಾಗಿವೆ. ನಾನು "ಇತರೆ"ಗೆ ಗುರುತು ಹಾಕಿದೆ.

ಈ ಯುಗಾದಿಗೆ ಹೊಸ ರಿಜಿಸ್ಟರು ಬಂತು. ಮೊದಲ ಸಾಲಿನಲ್ಲಿ ಈಗ ಕಂಪ್ರೆಸರ್ ಆಪರೇಟರನ ಹೆಸರಿದೆ. ಅನುಭವ: ಇಲ್ಲ.